ಉಸಲಿಗೆ ತಡವಾಗಿ, ಹೋಳಿಗೆಗೆ ಎರಡು ಕಂತಿನಲ್ಲಿ

ತಿಂದು ಒಂದೂವರೆ ಗಂಟೆಗೆ ಶುಗರ್ 67, ನಾಲ್ಕು ಗಂಟೆಗೆ 190. ಊಟದ ಇನ್ಸುಲಿನ್ ತಗೊಳ್ಳುವವರ ಪುಸ್ತಕದಲ್ಲಿ ಇಂಥ ಜೋಡಿ ಅಂಕಿ ಕಂಡಾಗ ಕೈ ಮೊದಲು ಹೋಗುವುದು ಯೂನಿಟ್ಟಿನ ಮೇಲೆ. 67 ನೋಡಿ ಹೆದರಿದವರು ಮರುದಿನ ಒಂದು ಯೂನಿಟ್ ಇಳಿಸುತ್ತಾರೆ, 190 ನೋಡಿ ಬೇಸರವಾದವರು ಒಂದು ಏರಿಸುತ್ತಾರೆ. ಇಳಿಸಿದರೆ ನಾಲ್ಕನೇ ಗಂಟೆಯ ಅಂಕಿ ಇನ್ನೂ ಮೇಲೆ ಹೋಗುತ್ತದೆ, ಏರಿಸಿದರೆ ಒಂದೂವರೆ ಗಂಟೆಗೆ ಬೆವರು ಕಿತ್ತುಕೊಂಡು ಬರುತ್ತದೆ. ಯೂನಿಟ್ಟಿನ ಲೆಕ್ಕ ಸರಿಯಾಗೇ ಇರಬಹುದು; ಹೊತ್ತು ತಪ್ಪಿರುತ್ತದೆ. ಇನ್ಸುಲಿನ್ ತನ್ನ ಜೋರು ಮುಗಿಸಿದ ಮೇಲೆ ಊಟ ರಕ್ತಕ್ಕೆ ಇಳಿಯುತ್ತಿರುತ್ತದೆ.

ಇಲ್ಲಿ ಬರೆದಿರುವುದು ಎರಡು ತಿನಿಸುಗಳಿಗೆ, ಕಡಲೆಕಾಳು ಉಸಲಿಗೆ ಮತ್ತು ತುಪ್ಪ ಸುರಿದ ಹೋಳಿಗೆ ಊಟಕ್ಕೆ, ಚುಚ್ಚುವ ಹೊತ್ತನ್ನು ಹೊಂದಿಸಿದ ಬಗೆ. ಕಾಯಿಲೆ ಟೈಪ್ 1, ಅಂದರೆ ದೇಹ ತಾನಾಗಿ ಇನ್ಸುಲಿನ್ ತಯಾರಿಸದ ಬಗೆಯ ಮಧುಮೇಹ. ದಿನಕ್ಕೊಂದು ಉದ್ದ ಓಡುವ ಇನ್ಸುಲಿನ್, ಊಟಕ್ಕೆ ಬೇಗ ಓಡುವ ಆಸ್ಪಾರ್ಟ್ ಇನ್ಸುಲಿನ್ನಿನ ಪೆನ್. 12 ಗ್ರಾಂ ಕಾರ್ಬಿಗೆ (ಊಟದ ಪಿಷ್ಟ, ಸಕ್ಕರೆ) 1 ಯೂನಿಟ್. ಈ ಅಂಕಿಗಳೆಲ್ಲ ಒಂದು ದೇಹದವು, ಇವನ್ನು ಹಾಗೇ ಎತ್ತಿ ಇನ್ನೊಂದು ದೇಹಕ್ಕೆ ಹಾಕುವಂತಿಲ್ಲ. ವಿಧಾನವನ್ನು ಎತ್ತಿಕೊಳ್ಳಬಹುದು, ಅದೂ ನಿಮ್ಮ ಡಾಕ್ಟರಿಗೆ ಹೇಳಿದ ಮೇಲೆ.

ಮೊದಲು ಇನ್ಸುಲಿನ್ನಿನ ಓಟ ಗೊತ್ತಿರಬೇಕು. ಆಸ್ಪಾರ್ಟ್, ಲಿಸ್‌ಪ್ರೋ, ಗ್ಲುಲಿಸಿನ್ ಈ ಮೂರೂ ಚುಚ್ಚಿದ 10ರಿಂದ 20 ನಿಮಿಷಕ್ಕೆ ಶುರು, ಒಂದರಿಂದ ಎರಡು ಗಂಟೆಯ ನಡುವೆ ಜೋರು, ಮೂರರಿಂದ ಐದು ಗಂಟೆಯೊಳಗೆ ಖಾಲಿ. ಹಳೆಯ ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಗೆ ಶುರು, ಎರಡರಿಂದ ನಾಲ್ಕು ಗಂಟೆಗೆ ಜೋರು, ಐದರಿಂದ ಎಂಟು ಗಂಟೆ ಬಾಲ. ವ್ಯತ್ಯಾಸದ ಮೂಲ ಚರ್ಮದ ಕೆಳಗಿದೆ. ರೆಗ್ಯುಲರ್‌ನ ಅಣುಗಳು ಆರಾರು ಒಟ್ಟಿಗೆ ಅಂಟಿಕೊಂಡು ಗುಂಪಾಗಿರುತ್ತವೆ. ಗುಂಪು ಬಿಡಿಯಾಗದೆ ರಕ್ತನಾಳದೊಳಗೆ ನುಗ್ಗುವುದಿಲ್ಲ. 1996ರಲ್ಲಿ ಬಂದ ಲಿಸ್‌ಪ್ರೋದಲ್ಲಿ ಮಾಡಿದ್ದು ಇಷ್ಟೇ: ಅಕ್ಕಪಕ್ಕದ ಎರಡು ಅಮೈನೋ ಆಮ್ಲಗಳ ಜಾಗ ಅದಲುಬದಲು. ಅದರಿಂದ ಗುಂಪು ಬೇಗ ಬಿಡಿಯಾಗುತ್ತದೆ. ಇದೆಲ್ಲ ತಯಾರಾದದ್ದು ಬ್ರೆಡ್ಡು, ಆಲೂಗಡ್ಡೆ, ನಮ್ಮ ಇಡ್ಲಿಯಂಥ ಬೇಗ ಏರುವ ಆಹಾರವನ್ನು ಹಿಡಿಯುವುದಕ್ಕೆ. ಇಡ್ಲಿಗೆ 15 ನಿಮಿಷ ಮೊದಲೇ ಚುಚ್ಚಬೇಕೆಂಬ ನಿಯಮವನ್ನು ಉಸಲಿಗೂ ಹಾಕಿದಾಗಲೇ ಎಡವಟ್ಟು.

ಕಾಳು ಯಾಕೆ ನಿಧಾನ? ಇಡೀ ಕಾಳಿನೊಳಗೆ ಪಿಷ್ಟ ಸಣ್ಣ ಸಣ್ಣ ಕೋಶಗಳಲ್ಲಿ ಭದ್ರವಾಗಿ ಕೂತಿರುತ್ತದೆ. ಬೇಯಿಸಿದರೂ ಆ ಗೋಡೆ ಪೂರ್ತಿ ಒಡೆಯುವುದಿಲ್ಲ, ಜೊತೆಗೆ ನಾರು. ಜೀರ್ಣರಸ ಒಳಗೆ ಹೋಗಿ ಕೆಲಸ ಮಾಡಲು ಹೊತ್ತು ಬೇಕು. ಅದೇ ಕಡಲೆಯನ್ನು ಹಿಟ್ಟು ಮಾಡಿದರೆ ಮಿಲ್ಲೇ ಅರ್ಧ ಜೀರ್ಣ ಮಾಡಿಕೊಟ್ಟ ಹಾಗೆ. ತುಪ್ಪದ್ದು ಬೇರೆ ದಾರಿ. ಕೊಬ್ಬು ಕರುಳಿಗೆ ಬಂತೆಂದರೆ ಹೊಟ್ಟೆ ತನ್ನ ಬಾಗಿಲನ್ನು ಸಣ್ಣಗೆ ಮಾಡಿಕೊಳ್ಳುತ್ತದೆ, ಊಟ ಚೂರುಚೂರೇ ಕೆಳಗಿಳಿಯುತ್ತದೆ. ಕೆಲವು ಗಂಟೆಗಳ ನಂತರ ಅದೇ ಕೊಬ್ಬು ಇನ್ಸುಲಿನ್ನಿನ ಪ್ರಭಾವವನ್ನೂ ಕುಗ್ಗಿಸುತ್ತದೆ. ಹಾಗಾಗಿ ಕಾಳಿಗೆ ಹೊತ್ತು ಬದಲಿಸಿದರೆ ಸಾಕಾಗಬಹುದು. ಎಣ್ಣೆ ತುಪ್ಪದ ಊಟಕ್ಕೆ ಕೆಲವೊಮ್ಮೆ ಹೊತ್ತೂ ಬದಲಾಗಬೇಕು, ಒಟ್ಟು ಯೂನಿಟ್ಟೂ ಏರಬೇಕು. ಇವೆರಡನ್ನು ಒಂದೇ ಬುಟ್ಟಿಗೆ ಹಾಕುವುದು ತುಂಬ ಜನ ಮಾಡುವ ತಪ್ಪು.

ರಾಗಿಮುದ್ದೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮುದ್ದೆ ನಿಧಾನ, ಶುಗರಿಗೆ ಒಳ್ಳೆಯದು ಎನ್ನುವ ನಂಬಿಕೆಯ ಮೇಲೆ ಚುಚ್ಚುವುದನ್ನು ತಡಮಾಡಿದರೆ ಒಂದನೇ ಗಂಟೆಗೇ ಮೀಟರ್ ಬೈಯುತ್ತದೆ. ನುಣ್ಣಗೆ ಬೀಸಿ, ಜರಡಿ ಹಿಡಿದು, ಕುದಿವ ನೀರಲ್ಲಿ ಬೇಯಿಸಿದ ಹಿಟ್ಟು ಅದು. ಅಗಿಯದೆ ನುಂಗುವುದು ಬೇರೆ. 90 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 60 ಗ್ರಾಂ ಕಾರ್ಬ್ ಇದೆ. ಬರೀ ಬಸ್ಸಾರಿನ ಜೊತೆ ತಿಂದರೆ ಅನ್ನದ ಹಾಗೇ ಮೊದಲೇ ಚುಚ್ಚಬೇಕು. ಅವರೆಕಾಳು ಸಾರು ದಟ್ಟವಾಗಿದ್ದರೆ ಸ್ವಲ್ಪ ನಿಧಾನವಾಗುತ್ತದೆ, ಅದು ಕಾಳಿನ ಪುಣ್ಯ.

ಒಂದೇ ತಿನಿಸಿಗೆ ಬೇರೆ ಬೇರೆ ಹೊತ್ತಿಗೆ ಚುಚ್ಚಿ ನೋಡುವ ಪರೀಕ್ಷೆಗೆ ಮುಂಚೆ ನೆಲ ಗಟ್ಟಿಯಿರಬೇಕು, ಅಂದರೆ ಉದ್ದ ಓಡುವ ಇನ್ಸುಲಿನ್ ಸರಿಯಿರಬೇಕು. ಊಟ ಮುಂದಕ್ಕೆ ಹಾಕಿ, ಹಿಂದಿನ ಊಟದ ಡೋಸ್ ಕಳೆದು ಐದು ಗಂಟೆಯಾದ ಮೇಲೆ, ನಾಲ್ಕೈದು ಗಂಟೆ ಖಾಲಿ ಹೊಟ್ಟೆಯಲ್ಲಿ ಗಂಟೆಗೊಮ್ಮೆ ನೋಡಿದಾಗ ಶುಗರ್ 30 ಅಂಕಿಗಿಂತ ಹೆಚ್ಚು ಏರದೆ ಇಳಿಯದೆ ನಿಂತರೆ ಮುಂದುವರಿಯಬಹುದು. ತಾನಾಗೇ ಏರುತ್ತಿದ್ದರೆ ನಾಲ್ಕನೇ ಗಂಟೆಯ ತಪ್ಪನ್ನು ಪಾಪದ ಉಸಲಿಯ ತಲೆಗೆ ಕಟ್ಟುತ್ತೇವೆ.

ಪರೀಕ್ಷೆಯ ದಿನದ ಕಟ್ಟಳೆಗಳು ಇವು. ಶುರುವಾಗುವಾಗ ಶುಗರ್ 90ರಿಂದ 140ರ ಒಳಗೆ. ಹಿಂದಿನ ನಾಲ್ಕು ಗಂಟೆಯಲ್ಲಿ ಊಟದ ಇನ್ಸುಲಿನ್ ಹಾಕಿರಬಾರದು. ಜ್ವರ, ಮುಟ್ಟು, ನಿದ್ದೆಗೆಟ್ಟ ರಾತ್ರಿ ಇದ್ದರೆ ಇನ್ನೊಂದು ದಿನ. ಚುಚ್ಚುವ ಜಾಗ ಪ್ರತಿಸಲ ಹೊಟ್ಟೆಯೇ. ತೊಡೆಗೆ ಚುಚ್ಚಿದರೆ ನಿಧಾನ, ಚುಚ್ಚಿ ಚುಚ್ಚಿ ಗಂಟಾದ ಜಾಗಕ್ಕೆ ಚುಚ್ಚಿದರೆ ಯಾವಾಗ ಇಳಿಯುತ್ತದೋ ದೇವರೇ ಬಲ್ಲ. ಪೆನ್ನಿನಲ್ಲಿ 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಕಂಡ ಮೇಲೆ ಡೋಸ್ ತಿರುಗಿಸುವುದು, ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯುವುದು. 3 ಯೂನಿಟ್ಟಿನ ಡೋಸಿನಲ್ಲಿ ತುದಿಯಲ್ಲಿ ಉಳಿದ ಒಂದು ಹನಿಯೂ ಲೆಕ್ಕ ಕೆಡಿಸುತ್ತದೆ. ಆ ಐದು ಗಂಟೆ ವಾಕಿಂಗ್ ಇಲ್ಲ, ಬಿಸಿನೀರಿನ ಸ್ನಾನ ಇಲ್ಲ. ಎರಡೂ ಇನ್ಸುಲಿನ್ನನ್ನು ಓಡಿಸುತ್ತವೆ. ಗಾಡಿ ಓಡಿಸುವ ಕೆಲಸವೂ ಬೇಡ. ಪಕ್ಕದಲ್ಲಿ ಗ್ಲೂಕೋಸ್ ಪುಡಿ, ಮನೆಯಲ್ಲಿ ಇನ್ನೊಬ್ಬರು.

ಮೀಟರಿನ ಮೇಲೆ ಅತಿ ನಂಬಿಕೆಯೂ ಬೇಡ. 100ರ ಮೇಲೆ ಶೇ. 15ರಷ್ಟು ಆಚೀಚೆ ತೋರಿಸುವುದು ಒಪ್ಪಿತ ಮಿತಿಯೊಳಗೇ ಬರುತ್ತದೆ. 128 ಮತ್ತು 139ರ ನಡುವೆ ಕಥೆ ಹುಡುಕಬಾರದು. ತೋಳಿಗೆ ಅಂಟಿಸುವ ಸೆನ್ಸರ್ ಇದ್ದರೆ ಗೆರೆಯ ಆಕಾರ ಚೆನ್ನಾಗಿ ಕಾಣುತ್ತದೆ. ಆದರೆ ಅದು ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದೆ ಇರುತ್ತದೆ, ಬೇಗ ಇಳಿಯುವಾಗ ಇದು ನೆನಪಿರಲಿ. ಹೋಳಿಗೆ ದಿನ ಸ್ಟ್ರಿಪ್ ಬಳಸುವವರಿಗೆ ಇನ್ನೊಂದು ಬಲೆ: ಬೆರಳಿಗೆ ಹೂರಣ ಅಂಟಿದ್ದರೆ 140 ಇದ್ದದ್ದು 300 ತೋರಿಸಬಹುದು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ಸೋಪು ಹಚ್ಚಿ ತೊಳೆದು ಒಣಗಿಸಬೇಕು.

ಈಗ ಉಸಲಿ. ಒಣ ಕಪ್ಪು ಕಡಲೆ 80 ಗ್ರಾಂ ತೂಗಿ ರಾತ್ರಿ ನೆನೆಹಾಕಿ, ಬೆಳಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಒಂದು ಚಮಚ ಎಣ್ಣೆಯ ಒಗ್ಗರಣೆ, ತೆಂಗಿನತುರಿ, ಕ್ಯಾರೆಟ್ಟು. ಕಾರ್ಬ್ ಎಣಿಸುವಲ್ಲೇ ಮೊದಲ ಗುಂಡಿ. ಹಳೆಯ ಆಹಾರ ಪಟ್ಟಿಗಳಲ್ಲಿ 100 ಗ್ರಾಂ ಕಡಲೆಗೆ ಸುಮಾರು 61 ಗ್ರಾಂ ಕಾರ್ಬ್ ಎಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ಸುಮಾರು 40. ಕಾರಣ, ಅಲ್ಲಿ 25 ಗ್ರಾಂ ನಾರನ್ನು ಬೇರೆ ತೆಗೆದು ತೋರಿಸಿದ್ದಾರೆ. ಹೊಸದನ್ನು ಹಿಡಿದರೆ 80 ಗ್ರಾಮಿಗೆ 32, ತುರಿ ಕ್ಯಾರೆಟ್ಟು ಸೇರಿ 36, ಅಂದರೆ 3 ಯೂನಿಟ್. ಹಳೆಯದನ್ನು ಹಿಡಿದಿದ್ದರೆ 4 ದಾಟುತ್ತಿತ್ತು. ಹೊತ್ತು ತಪ್ಪಿದ್ದರ ಮೇಲೆ ಯೂನಿಟ್ಟೂ ಹೆಚ್ಚಾಗಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಮೊದಲ ದಿನ ಇಡ್ಲಿಯ ನಿಯಮವನ್ನೇ ಇಟ್ಟುಕೊಂಡದ್ದು, 15 ನಿಮಿಷ ಮೊದಲು 3 ಯೂನಿಟ್. ಶುರುವಿಗೆ 116. ಅರ್ಧ ಗಂಟೆಗೆ 98, ಒಂದು ಗಂಟೆಗೆ 79, ಒಂದೂವರೆಗೆ 67. ಅಲ್ಲಿಗೆ ಪರೀಕ್ಷೆ ಮುಗಿಯಿತು. 15 ಗ್ರಾಂ ಗ್ಲೂಕೋಸ್ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಹೊಟ್ಟೆಯಲ್ಲಿ ಉಸಲಿ ತುಂಬಿದೆ, ಅದೇ ಏರಿಸುತ್ತದೆ ಎಂದು ಕಾಯುವ ಹಾಗಿಲ್ಲ. ಅದು ಬರುವುದು ತಡ ಎನ್ನುವುದೇ ಇಲ್ಲಿನ ತೊಂದರೆ. ನಾಲ್ಕನೇ ಗಂಟೆಯ 190ರಲ್ಲಿ ಆ ಗ್ಲೂಕೋಸಿನ ಪಾಲೂ ಇದೆ. ಹಾಗಾಗಿ ಆ ದಿನದ ಹಾಳೆಯಿಂದ ಮೊದಲ ಒಂದೂವರೆ ಗಂಟೆಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದಕ್ಕೆ ಅಡ್ಡಗೆರೆ ಎಳೆಯಬೇಕು. ಲೋ (ಶುಗರ್ ತೀರ ಇಳಿಯುವುದು) ಆದ ಮೇಲೆ ಬಂದ ಹೈ ನೋಡಿ ಡೋಸ್ ಬದಲಿಸುವವರು ಈ ಅಡ್ಡಗೆರೆಯನ್ನು ಮರೆಯುತ್ತಾರೆ.

ಎರಡನೇ ದಿನ ಅದೇ ತೂಕ, ಅದೇ 3 ಯೂನಿಟ್, ಮೊದಲ ತುತ್ತಿನ ಜೊತೆಗೆ. ಒಂದು ಗಂಟೆಗೆ 96, ಒಂದೂವರೆಗೆ 88, ಎರಡಕ್ಕೆ 104, ಮೂರಕ್ಕೆ 131, ನಾಲ್ಕಕ್ಕೆ 128. ಲೋ ಇಲ್ಲ, ಆದರೆ ಒಂದೂವರೆ ಗಂಟೆಯ ತಗ್ಗು ಹಾಗೇ ಇದೆ. ಶುರು 90ರಲ್ಲಿ ಆಗಿದ್ದರೆ ಅದೇ ತಗ್ಗು ಲೋ ಆಗುತ್ತಿತ್ತು. ಮೂರನೇ ದಿನ ತಿಂದು ಮುಗಿಸಿ 20 ನಿಮಿಷಕ್ಕೆ: ಒಂದು ಗಂಟೆಗೆ 124, ಎರಡಕ್ಕೆ 139, ಮೂರಕ್ಕೆ 126, ನಾಲ್ಕಕ್ಕೆ 113. ಯೂನಿಟ್ ಒಂದಿಷ್ಟೂ ಬದಲಾಗಿಲ್ಲ, ಚುಚ್ಚಿದ್ದು ಮಾತ್ರ ಮೊದಲ ದಿನಕ್ಕಿಂತ ಮುಕ್ಕಾಲು ಗಂಟೆ ತಡವಾಯಿತು. ನಾಲ್ಕನೇ ದಿನ ಅದನ್ನೇ ಮತ್ತೊಮ್ಮೆ ಮಾಡಿ ಅಂಕಿಗಳು ಹತ್ತಿರ ಹತ್ತಿರ ಬಂದ ಮೇಲಷ್ಟೇ ಅದು ಪುಸ್ತಕದ ಕಡೆಯ ಪುಟಕ್ಕೆ ಹೋಗಬೇಕು. ಒಂದೇ ದಿನದ ಫಲಿತಾಂಶ ಅದೃಷ್ಟವೂ ಇರಬಹುದು.

ಹೋಳಿಗೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದರೊಳಗೆ ಬೇಗ ಓಡುವ ಬೆಲ್ಲವೂ ಇದೆ, ನಿಧಾನದ ಬೇಳೆಯೂ ಇದೆ, ಎರಡನ್ನೂ ಹಿಡಿದು ನಿಲ್ಲಿಸುವ ತುಪ್ಪವೂ ಇದೆ. ಲೆಕ್ಕ ಹೂರಣ ಅರೆಯುವ ಮೊದಲೇ ಆಗಬೇಕು. ಕಡಲೆಬೇಳೆ 200 ಗ್ರಾಂ, ಬೆಲ್ಲ 200 ಗ್ರಾಂ, ಕಣಕಕ್ಕೆ ಮೈದಾ 150 ಗ್ರಾಂ, ಹತ್ತು ಹೋಳಿಗೆ. ಬೇಳೆಯಿಂದ ಸುಮಾರು 95, ಬೆಲ್ಲದಿಂದ 180, ಮೈದಾದಿಂದ 112, ಒಟ್ಟು 387 ಗ್ರಾಂ ಕಾರ್ಬ್, ಒಂದಕ್ಕೆ 39. ಎರಡು ಹೋಳಿಗೆಗೆ 78, ಒಂದು ಬಟ್ಟಲು ಅನ್ನಕ್ಕೆ 36, ಕೋಸಂಬರಿ ಪಲ್ಯಕ್ಕೆ 6. ಒಟ್ಟು 120, ಅಂದರೆ 10 ಯೂನಿಟ್. ಮೇಲೆ ಸುರಿದ ತುಪ್ಪ, ಕಾವಲಿಯ ಎಣ್ಣೆ ಸೇರಿದರೆ ಕೊಬ್ಬು 40 ಗ್ರಾಮಿನ ಹತ್ತಿರ.

ಹತ್ತನ್ನೂ 15 ನಿಮಿಷ ಮೊದಲು ಹಾಕಿದ ದಿನ: ಶುರು 121, ಒಂದು ಗಂಟೆಗೆ 118, ಎರಡಕ್ಕೆ 152, ಮೂರಕ್ಕೆ 197, ನಾಲ್ಕಕ್ಕೆ 231, ಐದಕ್ಕೆ 238. ಎರಡನೇ ಗಂಟೆಗೆ ನೋಡಿ ಪುಸ್ತಕ ಮುಚ್ಚುವವರಿಗೆ ಈ ಊಟ ನೂರಕ್ಕೆ ನೂರು ಪಾಸು. ಊಟವಾಗಿ ಎರಡು ಗಂಟೆಗೆ ನೋಡಿ ಎನ್ನುವ ಲ್ಯಾಬಿನ ರೂಢಿ ಇಂಥ ಊಟದ ಮುಂದೆ ಏನೂ ಹೇಳುವುದಿಲ್ಲ. ಐದನೇ ಗಂಟೆಯವರೆಗೆ ಸ್ಟ್ರಿಪ್ ಖರ್ಚಾಗಲೇಬೇಕು.

ಮುಂದಿನ ಸಲ ಅರ್ಧರ್ಧ. 5 ಮೊದಲು, 5 ಒಂದೂವರೆ ಗಂಟೆಗೆ. ಎರಡನೇ ಗಂಟೆಗೆ 209. ತುಪ್ಪ ಎಷ್ಟೇ ಹಿಡಿದರೂ ಬೆಲ್ಲ ಪೂರ್ತಿ ನಿಲ್ಲುವುದಿಲ್ಲ, ಮುಂಭಾಗಕ್ಕೆ 5 ಸಾಲಲಿಲ್ಲ. ಮೂರನೇ ಸಲ 6 ಊಟಕ್ಕೆ 10 ನಿಮಿಷ ಮೊದಲು, 4 ಊಟ ಶುರುವಾಗಿ 90 ನಿಮಿಷಕ್ಕೆ: ಒಂದು ಗಂಟೆಗೆ 146, ಎರಡಕ್ಕೆ 171, ಮೂರಕ್ಕೆ 164, ನಾಲ್ಕಕ್ಕೆ 152, ಐದಕ್ಕೆ 149. ಇದು ಉಳಿಯಿತು. ಇನ್ಸುಲಿನ್ ಪಂಪ್ ಇರುವವರು ಇದನ್ನೇ ಒಂದು ಗುಂಡಿಯಲ್ಲಿ ಮಾಡುತ್ತಾರೆ: ಶೇ. 60 ತಕ್ಷಣ, ಶೇ. 40 ಎರಡರಿಂದ ಮೂರು ಗಂಟೆಗೆ ಹರಡಿ. ಪೆನ್ನಿನವರಿಗೆ ಎರಡು ಚುಚ್ಚು.

ಎರಡನೇ ಚುಚ್ಚಿನಲ್ಲಿ ಅಪಾಯ ಎರಡು ಕಡೆಯಿಂದ. ಒಂದು, ಮರೆಯುವುದು, ಹಬ್ಬದ ಊಟವಾದ ಮೇಲೆ ಎಲೆಅಡಿಕೆ, ನಿದ್ದೆ. ಅಲಾರಂ ಇಡದೆ ಮೊದಲ ಕಂತು ಚುಚ್ಚಲೇಬಾರದು. ಎರಡನೆಯದು, ಚುಚ್ಚಿದ್ದೇನೋ ಇಲ್ಲವೋ ನೆನಪಿಲ್ಲದೆ ಮತ್ತೊಮ್ಮೆ ಚುಚ್ಚುವುದು. ಅನುಮಾನವಿದ್ದರೆ ಚುಚ್ಚಬೇಡಿ, ಗಂಟೆಗೊಮ್ಮೆ ನೋಡುತ್ತಿರಿ; ಒಂದು ಮಧ್ಯಾಹ್ನದ 240ಕ್ಕಿಂತ ಎರಡು ಸಲ ಬಿದ್ದ ಡೋಸ್ ಕೆಟ್ಟದ್ದು. ಎರಡನೇ ಕಂತಿಗೆ ಮುಂಚೆ ಶುಗರ್ ನೋಡುವುದೂ ಕಡ್ಡಾಯ. 100ರ ಕೆಳಗಿದ್ದರೆ ಅಥವಾ ಸೆನ್ಸರ್ ಬಾಣ ಕೆಳಮುಖವಾಗಿದ್ದರೆ ಅರ್ಧ ಗಂಟೆ ತಡೆದು ಮತ್ತೆ ನೋಡಬೇಕು. ಮೂರನೇ ಗಂಟೆಗೆ 180 ಕಂಡು ಸಿಟ್ಟಿನಲ್ಲಿ ಇನ್ನೊಂದು ತಿದ್ದುಪಡಿ ಡೋಸ್ ಹಾಕುವುದಂತೂ ಬೇಡವೇ ಬೇಡ. ಒಳಗೆ ಎರಡನೇ ಕಂತಿನ ಬಹುಪಾಲು ಇನ್ನೂ ಓಡುತ್ತಿದೆ. ಒಂದರ ಮೇಲೊಂದು ಪೇರಿಸಿದ ಇನ್ಸುಲಿನ್ ಸಂಜೆ ಐದಕ್ಕೆ ಲೆಕ್ಕ ಕೇಳುತ್ತದೆ.

ಎಣ್ಣೆಯ ಬಿರಿಯಾನಿ, ಚೀಸ್ ಪಿಜ್ಜಾ ಇವುಗಳದ್ದು ಇನ್ನೂ ಒಂದು ಹೆಜ್ಜೆ ಮುಂದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಟೈಪ್ 1 ಇರುವವರಿಗೆ ಒಂದೇ ಕಾರ್ಬಿನ ಎರಡು ರಾತ್ರಿಯೂಟ ಕೊಟ್ಟರು, ಒಂದರಲ್ಲಿ ಕೊಬ್ಬು 10 ಗ್ರಾಂ, ಇನ್ನೊಂದರಲ್ಲಿ 60. ಕೊಬ್ಬಿನ ಊಟಕ್ಕೆ ಸರಾಸರಿ ಶೇ. 42 ಹೆಚ್ಚು ಇನ್ಸುಲಿನ್ ಬೇಕಾಯಿತು, ಆದರೂ ಶುಗರ್ ಹೆಚ್ಚೇ ಇತ್ತು. ಆ 42 ಸರಾಸರಿ. ಜನರ ನಡುವೆ ಅಂತರ ಬಹಳ. ಅದನ್ನು ಓದಿ ರಾತ್ರಿ ಬಿರಿಯಾನಿಗೆ ಒಂದೂವರೆಪಟ್ಟು ಹಾಕಿ ಮಲಗುವುದು ಹುಚ್ಚುತನ. ಡಾಕ್ಟರ ಜೊತೆ ಮಾತಾಡಿ ಶೇ. 10, 15 ಏರಿಸಿ, ಏರಿಸಿದ್ದನ್ನು ಎರಡನೇ ಕಂತಿಗೇ ಸೇರಿಸಿ, ಅದೂ ಮಧ್ಯಾಹ್ನದ ಊಟದಲ್ಲಿ ಮೊದಲು ನೋಡಬೇಕು. ರಾತ್ರಿ ಒಂದು ಗಂಟೆಗೆ ಎದ್ದು ಸ್ಟ್ರಿಪ್ ಹಾಕುವ ಮನಸ್ಸಿಲ್ಲದಿದ್ದರೆ ರಾತ್ರಿಯ ಪ್ರಯೋಗ ಬೇಡ.

ಆಸ್ಪಾರ್ಟ್ ಪೆನ್ನಿನ ದುಡ್ಡು ಹೊಂದದೆ ರೆಗ್ಯುಲರ್ ವಯಲ್ಲಿನಲ್ಲಿ (ಸಿರಿಂಜಿಗೆ ಎಳೆದುಕೊಳ್ಳುವ ಪುಟ್ಟ ಬಾಟಲಿ) ಇರುವವರು ನಮ್ಮಲ್ಲಿ ತುಂಬ. ಹಳೇದು ಎಂದು ಹೀಗಳೆಯುವ ಈ ಇನ್ಸುಲಿನ್ ನಿಧಾನದ ಊಟಕ್ಕೆ ತಾನಾಗೇ ಹೊಂದುತ್ತದೆ. ಇಡ್ಲಿಗೆ ಅರ್ಧ ಗಂಟೆ ಮೊದಲು ಬೇಕಾದದ್ದು ಉಸಲಿಗೆ ತಿನ್ನುವ ಹೊತ್ತಿಗೇ ಹಾಕಿದರೂ ನಡೆಯಬಹುದು, ಹೋಳಿಗೆ ಊಟದಲ್ಲಿ ಅದರ ಬಾಲವೇ ಎರಡನೇ ಕಂತಿನ ಕೆಲಸ ಮಾಡುತ್ತದೆ. ತೊಂದರೆಯೂ ಬಾಲದ್ದೇ: ಮಧ್ಯಾಹ್ನದ್ದು ಸಂಜೆಯವರೆಗೆ ಇರುತ್ತದೆ, ರಾತ್ರಿಯೂಟದ ಡೋಸ್ ಅದರ ಮೇಲೆ ಕೂರುತ್ತದೆ. ಸಿರಿಂಜಿನ ವಿಷಯದಲ್ಲಿ ಒಂದೇ ಎಚ್ಚರ. ವಯಲ್ಲಿನ ಮೇಲೆ ಒಂದು ಎಂಎಲ್‌ಗೆ 40 ಎಂದಿದ್ದರೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. 100ರ ಇನ್ಸುಲಿನ್ನನ್ನು ಅದರಲ್ಲಿ ಎಳೆದರೆ ಬೀಳುವುದು ಎರಡೂವರೆಪಟ್ಟು.

ಊಟದ್ದೂ ಉದ್ದ ಓಡುವುದೂ ಬೆರೆತ 30:70ರ ಮಿಶ್ರ ಇನ್ಸುಲಿನ್ನಿನವರಿಗೆ ಈ ಕಂತಿನ ಆಟವೇ ಇಲ್ಲ. ಎರಡು ಭಾಗ ಮಾಡಿದರೆ ಉದ್ದ ಓಡುವ ಪಾಲೂ ಎರಡು ಭಾಗವಾಗುತ್ತದೆ. ಅವರು ಊಟವನ್ನೇ ಹೊಂದಿಸಿಕೊಳ್ಳಬೇಕು, ಇಲ್ಲವೇ ಡಾಕ್ಟರಲ್ಲಿ ಕಟ್ಟಳೆ ಬದಲಿಸಲು ಕೇಳಬೇಕು.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯೂ ನುಂಗುತ್ತಿರುವವರು ಇನ್ನೊಂದು ವಿಷಯ ಗಮನಿಸಬೇಕು. ಆ ಮಾತ್ರೆಯ ಕೆಲಸವೇ ಪಿಷ್ಟ ಸಕ್ಕರೆಗಳು ಒಡೆಯುವುದನ್ನು ತಡಮಾಡುವುದು, ಅಂದರೆ ಇಡ್ಲಿಯನ್ನೂ ಉಸಲಿಯ ಸಾಲಿಗೆ ತಳ್ಳುವುದು. ಲೋ ಆದಾಗ ಸಕ್ಕರೆ, ಬೆಲ್ಲ, ಬಿಸ್ಕತ್ತು ಕೊಟ್ಟರೆ ಬೇಗ ಏರುವುದಿಲ್ಲ, ಅವೂ ಒಡೆಯಬೇಕಲ್ಲ. ಗ್ಲೂಕೋಸೇ ಬೇಕು. ಮಾತ್ರೆಯ ಪಟ್ಟಿಯ ಹಿಂದೆ ಮೂರು ಹೆಸರು ಒಟ್ಟಿಗಿದ್ದರೆ ಓದಿ ನೋಡಿ, ಅದರಲ್ಲಿ ಇದೂ ಇರಬಹುದು. ಇಂಥ ಮಾತ್ರೆಯಿಲ್ಲದೆ, ವರ್ಷಗಟ್ಟಲೆ ಸರಿಯಾಗಿದ್ದ ಇಡ್ಲಿ, ಗಂಜಿಯೂ ಮೊದಲು ಲೋ ಆಮೇಲೆ ಹೈ ಆಗತೊಡಗಿ, ಜೊತೆಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ವಾಂತಿ ಇದ್ದರೆ, ಹೊಟ್ಟೆಯ ನರಗಳೇ ಸೋತು ಊಟ ಒಳಗೇ ನಿಲ್ಲುತ್ತಿರಬಹುದು. ಅದು ಮನೆಯಲ್ಲಿ ಹೊತ್ತು ಬದಲಿಸಿ ಸರಿಮಾಡುವ ಸಂಗತಿಯಲ್ಲ.

ಮದುವೆಯೂಟಕ್ಕೆ ಈ ಲೆಕ್ಕ ಪೂರ್ತಿ ಒಗ್ಗುವುದಿಲ್ಲ. ತೂಕ ಗೊತ್ತಿಲ್ಲ, ಪಂಕ್ತಿ ಯಾವಾಗ ಎಂದು ಗೊತ್ತಿಲ್ಲ. ಎಲೆ ಹಾಸಿದ್ದಾರೆ ಎಂದು ಚುಚ್ಚಿದರೆ ಅನ್ನ ಬರುವುದಕ್ಕೆ ಇಪ್ಪತ್ತೈದು ನಿಮಿಷವಾದ ಉದಾಹರಣೆ ಬೇಕಾದಷ್ಟು. ಎಲೆಗೆ ಅನ್ನ ಬಿದ್ದು, ಕೈಯಿಟ್ಟ ಮೇಲೆ, ಖಂಡಿತ ತಿನ್ನುವುದಕ್ಕೆ ಮಾತ್ರ ಮೊದಲ ಕಂತು: ಒಂದು ಹೋಳಿಗೆ, ಒಂದು ಸುತ್ತು ಅನ್ನ ಸಾರು. "ಇನ್ನೊಂದು ಹಾಕ್ಲಾ, ಸಣ್ಣದು?" ಎಂದು ಕೇಳಿ ಉತ್ತರಕ್ಕೆ ಮುಂಚೆ ಹಾಕಿ ಹೋಗುವವರು ಇದ್ದೇ ಇರುತ್ತಾರೆ. ತಿಂದರೆ ಅದರ 39 ಗ್ರಾಂ ಎರಡನೇ ಕಂತಿಗೆ ಸೇರುತ್ತದೆ, ಎಲೆ ಮಡಚಿದರೆ ಸೇರುವುದಿಲ್ಲ. ಕೈ ತೊಳೆದು ಬಂದು ಮೊಬೈಲಿನಲ್ಲಿ ಊಟ ಶುರುವಾದ ಹೊತ್ತು ಮತ್ತು ಹಾಕಿದ ಯೂನಿಟ್ ಬರೆದು, ಉಳಿದ ನಿಮಿಷಕ್ಕೆ ಅಲಾರಂ ಇಟ್ಟ ಮೇಲೆ ತಾಂಬೂಲದ ಸಾಲಿಗೆ ಹೋಗಬಹುದು.